ಅತ್ತೆಯ ದನಿ ಮತ್ತು ತಕ್ಕಡಿಯ ಪೋರ್ಟು

ಆಳಂದದ ಮನೆಯಲ್ಲಿ ನನ್ನ ಸೋದರತ್ತೆಯ ದನಿ ಅಡುಗೆಮನೆಯಿಂದ ಹೊರಟರೆ ಪಡಸಾಲೆ ದಾಟಿ, ಬೀದಿಗೆ ಮುಖ ಮಾಡಿದ ಅಂಗಡಿಯವರೆಗೆ ಒಂದೇ ಉಸಿರಿಗೆ ಹೋಗಿ ಮುಟ್ಟುತ್ತಿತ್ತು. ಅಂಗಡಿಯಲ್ಲಿ ಮಾವ ತೊಗರಿ ಚೀಲ ತೂಗಿಸುತ್ತಿದ್ದರೆ ಹಮಾಲರು ಕೈ ನಿಲ್ಲಿಸಿ, "ಒಳಗ ಕರ್ಯಾಕತ್ತಾರ್ರಿ ಸಾವಕಾರ್ರ" ಎನ್ನುತ್ತಿದ್ದರು. ಮಾವ ಮೊದಲೇ ಎದ್ದು ಚಪ್ಪಲಿ ಹುಡುಕುತ್ತಿರುತ್ತಿದ್ದರು.

ನಾನು ಪಿಯುಸಿ ಓದಿದ್ದು ಆ ಮನೆಯಲ್ಲಿದ್ದುಕೊಂಡು. ಅಫಜಲಪುರ ತಾಲೂಕಿನ ಅತನೂರು ನಮ್ಮೂರು. ಅತ್ತೆಯ ತವರೂ ಅದೇ. ಅಪ್ಪನಿಗೆ ಅವಳು ಅಕ್ಕ. ಅಪ್ಪ ನನ್ನನ್ನು ಆಳಂದಕ್ಕೆ ಕರೆತಂದು ಬಿಟ್ಟ ದಿನ ಅತ್ತೆ ನನ್ನ ಚೀಲ ಕಿತ್ತುಕೊಂಡು ಒಳಗಿಟ್ಟು, "ನೀ ಇನ್ನ ಹೋಗಪ್ಪಾ, ಈಕಿ ನನ್ ಮಗಳು" ಎಂದು ತಮ್ಮನನ್ನು ಬಸ್‌ಸ್ಟ್ಯಾಂಡಿಗೆ ಅಟ್ಟಿದ್ದಳು. ಊಟ ಹಾಕಿಯೇ ಅಟ್ಟಿದಳು ಅನ್ನಿ. ಊಟ ಹಾಕದೆ ಅವಳು ಯಾರನ್ನೂ ಬೈದವಳೂ ಅಲ್ಲ, ಕಳಿಸಿದವಳೂ ಅಲ್ಲ.

ಈಗ ನಾನು ಜೇವರ್ಗಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅತ್ತೆಗೆ ಲಕ್ವ ಹೊಡೆಯಿತೆಂದು ಫೋನ್ ಬಂದಾಗ ತರಗತಿಯಲ್ಲಿದ್ದೆ. ಕಲಬುರಗಿಯ ಆಸ್ಪತ್ರೆಗೆ ಹೋಗಿ ನೋಡಿದರೆ ಅವಳ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು. ಕಣ್ಣು ಮಾತ್ರ ಮೊದಲಿನ ಹಾಗೇ ನನ್ನ ಕಾಲಿನಿಂದ ತಲೆಯವರೆಗೆ ಓಡಿ, ನಾನು ಸೊರಗಿದ್ದೇನೆಂದು ತೀರ್ಮಾನಿಸಿತು. ಅದನ್ನು ಹೇಳಲು ಬಾಯಿ ತೆರೆದಳು. ದನಿ ಬಂತು, ಮಾತು ಬರಲಿಲ್ಲ. ಅವಳಿಗೇ ಅದು ಆಶ್ಚರ್ಯವಾದಂತೆ ತನ್ನ ತುಟಿ ಮುಟ್ಟಿ ನೋಡಿಕೊಂಡಳು.

ಎಲ್ಲವೂ ತಿಳಿಯುತ್ತದೆ, ಮಾತು ಹೊರಬರುವ ದಾರಿಗೆ ಪೆಟ್ಟಾಗಿದೆ ಎಂದರು ಡಾಕ್ಟರು. ಅಭ್ಯಾಸ ಮಾಡಿಸಿದರೆ ನಿಧಾನಕ್ಕೆ ಒಂದಷ್ಟು ಬರಬಹುದು, ಎಷ್ಟು ಎಂದು ಈಗ ಹೇಳಲಾಗದು ಎಂದೂ ಹೇಳಿದರು.

ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ಪಾಡು. ಮನೆಯಲ್ಲಿ ಮಾವ, ಮಗ, ಸೊಸೆ ಎಲ್ಲರೂ ಇದ್ದರು. ಆರೈಕೆಗೇನೂ ಕಡಿಮೆ ಇರಲಿಲ್ಲ. ಸೊಸೆಯನ್ನು ನಾನು ವೈನಿ ಎಂದೇ ಕರೆಯುವುದು. ವೈನಿ ಅತ್ತೆಯ ಪಕ್ಕದಲ್ಲಿ ಕೂತು, "ನೀರೇನ್ರಿ? ಚಾದೇನ್ರಿ? ಬೆನ್ನಿಗೆ ದಿಂಬು ಕೊಡ್ಲೇನ್ರಿ?" ಎಂದು ಒಂದೊಂದಾಗಿ ಕೇಳಬೇಕು, ಅತ್ತೆ ತಲೆಯಾಡಿಸಬೇಕು. ಒಂದು ಭಾನುವಾರ ನಾನು ಅಲ್ಲಿದ್ದಾಗ ಅತ್ತೆ ಎಡಗೈ ಬೀಸಿ ಬೀಸಿ ಏನನ್ನೋ ಕೇಳತೊಡಗಿದಳು. ನೀರು ತಂದೆವು, ಅಲ್ಲ. ಶಾಲು ತಂದೆವು, ಅಲ್ಲ. ಮಾತ್ರೆಯ ಡಬ್ಬಿ, ಜಪಮಣಿ, ಟಿವಿಯ ರಿಮೋಟು ಎಲ್ಲ ತಂದೆವು. ಅವಳ ಕಣ್ಣಲ್ಲಿ ನೀರು ಬಂತು. ಕೊನೆಗೆ ಗೋಡೆಯ ಕಡೆ ತಿರುಗಿಬಿಟ್ಟಳು. ಆಗ ಅಡುಗೆಮನೆಯಿಂದ ಸೀದ ವಾಸನೆ ಬಂತು. ಒಲೆಯ ಮೇಲೆ ಇಟ್ಟಿದ್ದ ಹಾಲು ಪೂರ್ತಿ ಉಕ್ಕಿಹೋಗಿತ್ತು. ಅವಳು ತನಗೆ ಏನನ್ನೂ ಕೇಳಿರಲಿಲ್ಲ. ಹಾಲು ನೋಡ್ರಿ ಎಂದು ಹೇಳುತ್ತಿದ್ದಳು, ಅಷ್ಟೆ.

ಅಂದು ಜೇವರ್ಗಿಗೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಶಾಲೆಯ ಪ್ರಯೋಗಾಲಯದ ನೆನಪಾಯಿತು. ನಮ್ಮ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಒಂದು ಬಗೆಯ ಪ್ರೋಗ್ರಾಮಿಂಗ್ ಕಲಿಸುತ್ತೇವೆ. ಅದರಲ್ಲಿ ಸಾಲುಗಟ್ಟಲೆ ಬರೆಯುವುದಿಲ್ಲ. ಪರದೆಯ ಮೇಲೆ ಚಿತ್ರದ ಚೌಕಗಳಿರುತ್ತವೆ. ಒಂದು ಚೌಕದಿಂದ ಇನ್ನೊಂದಕ್ಕೆ ಗೆರೆ ಎಳೆದು ಜೋಡಿಸಿದರೆ ಕೆಲಸ ಆಗುತ್ತದೆ. ಹೊರಗೆ ಒಂದು ಸಣ್ಣ ಎಲೆಕ್ಟ್ರಾನಿಕ್ ಬೋರ್ಡು; ಅದಕ್ಕೊಂದು ಬಟನ್ ಹಚ್ಚಿ, ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಬಟನ್ ಒತ್ತಿದಾಗ ಪರದೆಯ ಮೇಲೆ ದೀಪ ಹೊತ್ತುವ ಹಾಗೆ ಮಾಡಿದರೆ ಮಕ್ಕಳು ಕೇಕೆ ಹಾಕುತ್ತಾರೆ. ದೀಪ ಹೊತ್ತುವ ಜಾಗದಲ್ಲಿ ಮಾತು ಬಂದರೆ? ಮೊಬೈಲಿನ ಪರದೆಯ ಮೇಲೆ ಅತ್ತೆಯ ಎಡಗೈ ಬೆರಳು ಜಾರುತ್ತಿತ್ತು, ಬೇಕಾದ್ದು ಬಿಟ್ಟು ಇನ್ನೇನೋ ತೆರೆಯುತ್ತಿತ್ತು. ಅಂಗೈಯಿಂದಲೇ ಒತ್ತಬಹುದಾದ ದೊಡ್ಡ ಬಟನ್‌ಗಳಾದರೆ ಅವಳಿಗೆ ಸಾಧ್ಯವಿತ್ತು.

ಪೆಟ್ಟಿಗೆ ಮಾಡುವುದು ಸುಲಭವೇ ಆಯಿತು. ಪ್ಲೈವುಡ್ಡಿನ ಚೌಕ, ಮೇಲೆ ನಾಲ್ಕು ಬಣ್ಣದ ದೊಡ್ಡ ಬಟನ್, ಒಳಗೆ ಬೋರ್ಡು. ಒತ್ತಿದ ಬಟನ್ನಿನ ನಂಬರು ಕೇಬಲ್ಲಿನಲ್ಲಿ ಹೋಗುತ್ತದೆ, ಕಂಪ್ಯೂಟರ್ ಆ ನಂಬರಿನ ಮಾತನ್ನು ನುಡಿಯುತ್ತದೆ. ಮೊದಲು ಕಂಪ್ಯೂಟರಿನ ದನಿಯನ್ನೇ ಹಾಕಿ ವೈನಿಗೆ ಫೋನಿನಲ್ಲಿ ಕೇಳಿಸಿದೆ. "ದಯವಿಟ್ಟು ನೀರು ಕೊಡಿ" ಎಂದಿತು ಅದು.

"ಅಯ್ಯ, ಇದು ರೈಲ್ವೆ ಸ್ಟೇಷನ್ನಿನ ಬಾಯಿ ಆತು ಬಿಡ್ರಿ," ಎಂದಳು ವೈನಿ. "ನಮ್ಮತ್ತಿ ಎಂದಾದ್ರೂ ದಯವಿಟ್ಟು ಅಂದಾರೇನು?"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ವೈನಿಯೇ ಮೆಲ್ಲಗೆ ಹೇಳಿದಳು, "ಅವರ ದನಿ ನನ್ನ ಫೋನ್‌ನಾಗ ಅದ. ನಾ ಅಳಿಸೇ ಇಲ್ಲ."

ಅತ್ತೆಗೆ ಬರೆಯುವುದಕ್ಕಿಂತ ಹೇಳುವುದು ಇಷ್ಟ. ಮೊಬೈಲಿನಲ್ಲಿ ಮಾತು ತುಂಬಿ ಕಳಿಸುವುದನ್ನು ಕಲಿತ ದಿನದಿಂದ ಅವಳು ಬಳಗದವರಿಗೆಲ್ಲ ವಾಯ್ಸ್ ಮೆಸೇಜು ಕಳಿಸುತ್ತಿದ್ದಳು. ಶೇಂಗಾ ಹೋಳಿಗೆಗೆ ಬೆಲ್ಲ ಎಷ್ಟು, ಯಾರ ಮನೆಯ ಸೊಸೆ ಹೆತ್ತಳು, ಯಾರಿಗೆ ಮೈಯಲ್ಲಿ ಆರಾಮಿಲ್ಲ, ಎಲ್ಲವೂ ಅದರಲ್ಲಿರುತ್ತಿತ್ತು. ನಾನು ಎಲ್ಲರನ್ನೂ ಕೇಳಿ ಆ ಮೆಸೇಜುಗಳನ್ನು ತರಿಸಿಕೊಂಡೆ. ಶಾಲೆ ಮುಗಿದ ಮೇಲೆ ಮನೆಯ ಅಂಗಳದಲ್ಲಿ ಕೂತು ಒಂದೊಂದನ್ನೇ ಕೇಳಿದೆ. ಬೇಕಾದ ತುಂಡುಗಳನ್ನು ಕತ್ತರಿಸಿ ತೆಗೆಯುವುದು ನನ್ನ ಯೋಚನೆ. ಮೊದಲ ಬಟನ್ನಿಗೆ "ನೀರು ಕೊಡ್ರಿ" ಎಂಬ ಮಾತು ಬೇಕಿತ್ತು.

ಸಿಗಲಿಲ್ಲ. ಅಷ್ಟು ಮೆಸೇಜುಗಳಲ್ಲಿ ಎಲ್ಲಿಯೂ ಅತ್ತೆ ನೀರು ಕೇಳಿರಲಿಲ್ಲ. "ಬಿಸಲಾಗ ಬಂದೀ, ಮೊದ್ಲ ನೀರ್ ಕುಡಿ" ಎಂದು ಯಾರಿಗೋ ಹೇಳಿದ್ದು ಇತ್ತು. ಚಹಾ ಬೇಕು ಎಂದದ್ದು ಇರಲಿಲ್ಲ. "ಚಾ ಮಾಡೇನಿ, ಬರ್ರಿ" ಎಂದದ್ದು ಇತ್ತು. ಹಸಿವಾಗಿದೆ ಎಂದದ್ದು ಇರಲಿಲ್ಲ. "ಉಂಡ ಹೋಗ್ರಿ, ಹಂಗ ಹೋಗಬ್ಯಾಡ್ರಿ" ಇತ್ತು. ತನಗಾಗಿ ಕರೆದದ್ದು ಎಂದರೆ ಮಾವನನ್ನು ಮಾತ್ರ: "ಎಲ್ಲಿ ಅದೀರಿ? ಲಗೂ ಬರ್ರಿ." ಅದೂ ಪ್ರತಿ ಸಲ ಯಾರೋ ಮನೆಗೆ ಬಂದಿದ್ದಾರೆಂದು ತಿಳಿಸಲು.

ನನ್ನ ಪಿಯುಸಿಯ ಎರಡೂ ವರ್ಷ ನೆನೆದೆ. ಆಗಲೂ ಅವಳು ನನಗೆ ಒಂದು ಲೋಟ ನೀರು ತಾ ಎಂದದ್ದು ನೆನಪಾಗಲಿಲ್ಲ. ಸರಿ, ಇದ್ದ ಆ ನಾಲ್ಕು ಮಾತುಗಳನ್ನೇ ನಾಲ್ಕು ಬಟನ್ನಿಗೆ ಹಾಕಿದೆ. "ಮೊದ್ಲ ನೀರ್ ಕುಡಿ" ಎಂದು ಕೇಳಿಸಿದರೆ ಅವಳಿಗೆ ನೀರು ಬೇಕು ಎಂದು ಮನೆಯವರು ತಿಳಿದುಕೊಳ್ಳಲಿ.

ಶಾಲೆಯ ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆ ಚೆನ್ನಾಗಿ ನುಡಿಯಿತು. ಆದರೆ ಅದು ಶಾಲೆಯದು, ಆಳಂದದಲ್ಲಿ ಬಿಟ್ಟುಬರುವಂತಿಲ್ಲ. ಮಾವ, "ಅಂಗಡೀದು ಒಂದ್ ಲ್ಯಾಪ್‌ಟಾಪ್ ಅದಲ್ಲ, ಅದಕ್ಕ ಹಚ್ಚು" ಎಂದಿದ್ದರು. ಹಾಗಾಗಿ ರಜೆಯ ದಿನ ನೋಡಿ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದ ಮುಟ್ಟಿದೆ. ಅತ್ತೆಯ ಕೋಣೆಯಲ್ಲಿ ಟೀಪಾಯಿಯ ಮೇಲೆ ಅಂಗಡಿಯ ಲ್ಯಾಪ್‌ಟಾಪು ತಂದಿಟ್ಟಿದ್ದರು. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಕಾದು ಕೂತಿದ್ದಳು.

ಅಲ್ಲಿ ಚೀಲ ಬಿಚ್ಚಿ ನೋಡಿದರೆ ಕೇಬಲ್ಲು ಜೇವರ್ಗಿಯಲ್ಲೇ ಉಳಿದಿತ್ತು.

"ಅದಕ್ಕೇನಾತು," ಎಂದು ಮಾವ ತಮ್ಮ ಹಳೆಯ ಮೊಬೈಲ್ ಚಾರ್ಜರಿನ ವೈರು ಕೊಟ್ಟರು. ತುದಿ ಸರಿಯಾಗಿ ಕೂತಿತು. ಬೋರ್ಡಿನ ಕೆಂಪು ದೀಪವೂ ಹೊತ್ತಿತು. ಪೆನ್‌ಡ್ರೈವಿನಲ್ಲಿ ತಂದಿದ್ದ ಪ್ರೋಗ್ರಾಮನ್ನು ಲ್ಯಾಪ್‌ಟಾಪಿಗೆ ಹಾಕಿ ಚಾಲೂ ಮಾಡಿದೆ. ಮೊದಲ ಚೌಕವೇ ಕೆಂಪಾಯಿತು: ಪೋರ್ಟ್ ಸಿಗಲಿಲ್ಲ.

ಪೋರ್ಟ್ ಎಂದರೆ ಹೊರಗಿನ ಯಂತ್ರ ಮತ್ತು ಕಂಪ್ಯೂಟರು ಮಾತಾಡಿಕೊಳ್ಳುವ ಬಾಗಿಲು. ಪ್ರತಿ ಬಾಗಿಲಿಗೂ ಒಂದು ನಂಬರಿರುತ್ತದೆ. ನನ್ನ ಪೆಟ್ಟಿಗೆಯ ನಂಬರು ಪಟ್ಟಿಯಲ್ಲೇ ಇರಲಿಲ್ಲ. ವೈರು ಕಿತ್ತು ಹಾಕಿದೆ, ಲ್ಯಾಪ್‌ಟಾಪು ಬಂದ್ ಮಾಡಿ ಚಾಲೂ ಮಾಡಿದೆ, ಇನ್ನೊಂದು ಬದಿಯ ತೂತಿಗೆ ಸಿಕ್ಕಿಸಿದೆ. ದೀಪವಂತೂ ಹೊತ್ತುತ್ತಿತ್ತು. ಅದರಿಂದಲೇ ನಾನು ಮೋಸ ಹೋದದ್ದು. ದೀಪ ಹೊತ್ತಿದರೆ ವೈರು ಸರಿಯಿದೆ ಎಂದುಕೊಂಡು ಬೋರ್ಡನ್ನೇ ಬಿಚ್ಚಿ ಗುದ್ದಾಡಿದೆ. ಮಕ್ಕಳಿಗೆ ನಾನೇ ಪಾಠ ಹೇಳುವ ವಿಷಯ ನೆನಪಿಗೆ ಬರುವ ಹೊತ್ತಿಗೆ ಊಟದ ಹೊತ್ತಾಗಿತ್ತು. ಕೆಲವು ಚಾರ್ಜರ್ ವೈರುಗಳಲ್ಲಿ ಕರೆಂಟು ಹೋಗುವ ತಂತಿ ಮಾತ್ರ ಇರುತ್ತದೆ, ಮಾಹಿತಿ ಹೋಗುವ ತಂತಿ ಇರುವುದೇ ಇಲ್ಲ.

"ಬ್ಯಾರೆ ಕೇಬಲ್ ಬೇಕ್ರಿ ವೈನಿ. ಮೊಬೈಲ್ ಜೋಡಿ ಡಬ್ಬ್ಯಾಗ ಬರ್ತದಲ್ಲ, ಅಂಥಾದ್ದು."

ಮನೆಯಲ್ಲಿದ್ದ ವೈರುಗಳನ್ನೆಲ್ಲ ವೈನಿ ತಂದು ಸುರಿದಳು. ಒಂದೂ ಆಗಲಿಲ್ಲ. ಅಷ್ಟರಲ್ಲಿ ಅತ್ತೆ ಎಡಗೈ ಎತ್ತಿ ಅಲಮಾರಿಯ ಕಡೆ ತೋರಿಸಿದಳು. ವೈನಿ ಮಾತ್ರೆಯ ಹೊತ್ತಾಯಿತೆಂದುಕೊಂಡು ಮಾತ್ರೆ ತಂದಳು. ಅತ್ತೆ ತಲೆ ಕೊಡವಿದಳು. ಮಾವ ಎದ್ದು ಅಲಮಾರಿ ತೆರೆದು ಒಂದೊಂದೇ ಎತ್ತಿ ತೋರಿಸುತ್ತ ಹೋದರು.

"ಇದಾ? ಇದಲ್ಲಾ? ಮ್ಯಾಲಿಂದಾ? ಕೆಳಗಿಂದಾ?"

ಸೀರೆಗಳ ಕೆಳಗೆ, ಹಿಂದೆ, ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಅವಳ ಮೊಬೈಲು ಹೊಸದಿದ್ದಾಗ ಬಂದ ಡಬ್ಬಿ. ಒಳಗೆ ಪ್ಲಾಸ್ಟಿಕ್ಕಿನ ಪುಟ್ಟ ಚೀಲದಲ್ಲಿ, ಎಂದೂ ಬಿಚ್ಚದ ಕೇಬಲ್ಲು ಸುರುಳಿ ಸುತ್ತಿಕೊಂಡು ಕೂತಿತ್ತು. ಮಾವನ ಚಾರ್ಜರು ಮನೆಯಲ್ಲಿರುವಾಗ ಇನ್ನೊಂದನ್ನು ಬಿಚ್ಚುವುದೇಕೆ ಎಂದು ತೆಗೆದಿಟ್ಟವಳು ಅವಳೇ. ನಾನು ಅದನ್ನು ಹಿಡಿದು, "ಇದೇ ಅತ್ತಿ, ಇದೇ ಬೇಕಿತ್ತು" ಎಂದೆ. ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು, ದೊಡ್ಡ ಕೆಲಸ ಮುಗಿಸಿದವಳ ಹಾಗೆ. ಲಕ್ವ ಹೊಡೆದ ಮೇಲೆ ಅವಳು ಹೇಳಿದ್ದು ನಮಗೆ ಪೂರ್ತಿ ತಿಳಿದದ್ದು ಅದೇ ಮೊದಲೇನೋ.

ಆ ಕೇಬಲ್ಲು ಹಾಕಿದರೆ ಪಟ್ಟಿಯಲ್ಲಿ ಏನೋ ಬಂತು, ಆದರೆ ಹಳದಿ ಗುರುತಿನೊಂದಿಗೆ. ಬೋರ್ಡಿನ ಭಾಷೆ ತಿಳಿಸುವ ಡ್ರೈವರು ಎಂಬ ಪುಟ್ಟ ಪ್ರೋಗ್ರಾಮು ಆ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಆ ಕೋಣೆಯಲ್ಲಿ ಸಿಗ್ನಲ್ ಇಲ್ಲ. ಲ್ಯಾಪ್‌ಟಾಪು ಹೊತ್ತುಕೊಂಡು ಮಾಳಿಗೆ ಹತ್ತಿದೆ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದರು. ಸಂಡಿಗೆಯ ನಡುವೆ ಕಾಲಿಡಲು ಜಾಗ ಹುಡುಕಿ, ಸೆರಗಿನಿಂದ ಪರದೆಗೆ ನೆರಳು ಮಾಡಿಕೊಂಡು ಕೂತು ಡ್ರೈವರ್ ಇಳಿಸಿದೆ. ಕೆಳಗೆ ಬಂದು ಕೇಬಲ್ಲು ಸಿಕ್ಕಿಸಿದರೆ ಹಳದಿ ಗುರುತು ಹೋಯಿತು. ಬಾಗಿಲಿನ ನಂಬರು ಸ್ಪಷ್ಟವಾಗಿ ಕಂಡಿತು. ಎಲ್ಲರೂ ಬಂದು ಸುತ್ತ ನಿಂತರು. ಅಂಗಡಿಯಿಂದ ಮಗನೂ ಬಂದ. ನಾನು ಪ್ರೋಗ್ರಾಮ್ ಚಾಲೂ ಮಾಡಿ, "ಅತ್ತಿ, ಒತ್ತು" ಎಂದೆ.

ಅವಳು ಅಂಗೈ ಊರಿ ಒತ್ತಿದಳು. ಚೌಕ ಮತ್ತೆ ಕೆಂಪಾಯಿತು. ಈ ಸಲ ಬೇರೆ ದೂರು: ಪೋರ್ಟ್ ಬೇರೆಯವರ ಬಳಕೆಯಲ್ಲಿದೆ.

"ಯಾರ ಬಳಕಿ?" ಎಂದ ಮಗ. "ಇಲ್ಲಿ ನಾವ ಇದ್ದೇವಲ್ಲ."

ನನಗೂ ಅದೇ ತಿಳಿಯಲಿಲ್ಲ. ಬಾಗಿಲಿನೊಳಗೆ ಇನ್ಯಾರೋ ಮೊದಲೇ ಕೂತಿದ್ದಾರೆ. ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಅಲ್ಲಿ ಜಾಗ. ತೆರೆದಿದ್ದ ಕಿಟಕಿಗಳನ್ನೆಲ್ಲ ಮುಚ್ಚಿದೆ. ಲ್ಯಾಪ್‌ಟಾಪು ಬಂದ್ ಮಾಡಿ ಮತ್ತೆ ಹಚ್ಚಿದೆ. ಅದೇ ಕೆಂಪು. ಮಗ ಅಂಗಡಿಗೆ ಹೋದ, ವೈನಿ ರೊಟ್ಟಿ ಬಡಿಯಲು ಹೋದಳು. ನನಗೆ ಅಳು ಬರುವ ಹಾಗಾಗಿತ್ತು. ಅತ್ತೆ ನನ್ನ ಬೆನ್ನು ಸವರುತ್ತಿದ್ದಳು. ಸವರುತ್ತಲೇ ಇನ್ನೊಮ್ಮೆ ಪೆಟ್ಟಿಗೆ ಒತ್ತಿದಳು, ನನಗೆ ಬೇಜಾರಾಗಬಾರದೆಂದೋ ಏನೋ. ಮಾವ ಮೂಲೆಯಲ್ಲಿ ಕನ್ನಡಕ ಏರಿಸಿ ಪರದೆಯ ಕಡೆ ನೋಡುತ್ತಿದ್ದವರು ಮುಂದೆ ಬಾಗಿದರು.

"ಏನಬೇ ಇದು? ತಕ್ಕಡಿ ಅಂಗಡ್ಯಾಗ ಐತಿ. ಇಲ್ಲಿ ತೂಕ ಹ್ಯಾಂಗ ಬಂತು?"

ಪರದೆಯ ಕೆಳಗೆ, ಮೂಲೆಯಲ್ಲಿ, ಸಣ್ಣದೊಂದು ಹಸಿರು ಚೌಕವಿತ್ತು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಇದೇ ಲ್ಯಾಪ್‌ಟಾಪಿಗೆ ಜೋಡಿಸಿರುತ್ತಾರೆ. ಚೀಲ ಇಟ್ಟರೆ ತೂಕ ತಾನೇ ಬಿಲ್ಲಿಗೆ ಬರುವ ಏರ್ಪಾಡು ಅದು. ಲ್ಯಾಪ್‌ಟಾಪು ಚಾಲೂ ಆದೊಡನೆ ಆ ಪ್ರೋಗ್ರಾಮೂ ತಾನಾಗಿ ಏಳುತ್ತದೆ, ಸಿಕ್ಕ ಬಾಗಿಲನ್ನು ತಕ್ಕಡಿಯದೇ ಎಂದು ಹಿಡಿದುಕೊಳ್ಳುತ್ತದೆ. ಹಸಿರು ಚೌಕದಲ್ಲಿ ಈಗ ಮೂರು ಕಿಲೋ ಎಂದಿತ್ತು.

"ಅತ್ತಿ, ಮೊದಲಿಂದು ಒತ್ತು" ಎಂದೆ.

ಒತ್ತಿದಳು. ಒಂದು ಕಿಲೋ ಆಯಿತು. ಕೊನೆಯದನ್ನು ಒತ್ತಿದಳು. ನಾಲ್ಕು ಕಿಲೋ.

ಮಾವ ಮೊದಲು ನಕ್ಕವರು. ಅವರ ಹೊಟ್ಟೆ ಕುಣಿಯುವುದು ನೋಡಿ ಅತ್ತೆ ನಕ್ಕಳು. ಬಾಯಿ ಒಂದು ಕಡೆ ವಾಲಿದರೂ ಅದು ಅವಳದೇ ನಗು. "ನಿಮ್ ಅತ್ತಿ ಅಂದಿದ್ದೆಲ್ಲಾ ತೊಗರಿ ಲೆಕ್ಕದಾಗ ಹೋಗ್ಯಾದ ನೋಡು," ಎಂದು ಮಾವ ಕಣ್ಣೊರೆಸಿಕೊಂಡರು. ವೈನಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವಳಿಗೂ ಒತ್ತಿ ತೋರಿಸಬೇಕಾಯಿತು.

ಕಾರಣ ಸಿಕ್ಕಿದ ಮೇಲೆ ಉಪಾಯ ಸುಲಭ. ತಕ್ಕಡಿಯ ಪ್ರೋಗ್ರಾಮು ತಾನಾಗಿ ಏಳದ ಹಾಗೆ ಮಾಡಬೇಕು. ಹಾಗೆ ಮಾಡಿದರೆ ಅಂಗಡಿಯ ಬಿಲ್ಲಿಗೆ ತೂಕ ತಾನಾಗಿ ಬರುವುದಿಲ್ಲ, ಲ್ಯಾಪ್‌ಟಾಪೂ ಒಳಗೇ ಇರಬೇಕಾಗುತ್ತದೆ. ನಾನು ಅದನ್ನು ಹೇಳಿ, ಬೇರೆ ಯಾವುದಾದರೂ ಕಂಪ್ಯೂಟರು ನೋಡೋಣವೇ ಎಂದು ಕೇಳಿದೆ. ಮಾವ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟರು.

"ತಗದು ಹಾಕವ್ವಾ. ಇಷ್ಟ್ ವರ್ಷ ಕೈಲೆ ಬರದೇನಿ, ಇನ್ನೂ ಬರೀತೇನಿ. ತಕ್ಕಡೀಗೆ ಬಾಯಿ ಯಾಕ ಬೇಕು?"

ನಗು ಕೇಳಿ ಬಂದಿದ್ದ ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಅವತ್ತೇ ಹಳೆಯ ಬಿಲ್ ಪುಸ್ತಕ ಹುಡುಕಿ ಧೂಳು ಕೊಡವಿದ.

ತಕ್ಕಡಿಯ ಪ್ರೋಗ್ರಾಮು ನಿಂತಿತು. ನನ್ನದು ಚಾಲೂ ಆಯಿತು. ಕೆಂಪು ಚೌಕ ಹಸಿರಾಯಿತು. ಅತ್ತೆ ಎರಡನೆಯ ಬಟನ್ ಒತ್ತಿದಳು.

"ಚಾ ಮಾಡೇನಿ, ಬರ್ರಿ."

ಅಷ್ಟು ದಿನ ಆ ಮನೆಯಲ್ಲಿ ಕೇಳದ ದನಿ. ಅದೇ ಎಳೆತ, ಕೊನೆಯಲ್ಲಿ ಅದೇ ಏರು. ಅತ್ತೆ ಕೈ ಹಿಂದೆಳೆದುಕೊಂಡು ಲ್ಯಾಪ್‌ಟಾಪನ್ನೇ ನೋಡಿದಳು, ಆಮೇಲೆ ಮಾವನನ್ನು. ಮಾವ, "ಬಂದೆ ಬಂದೆ" ಎಂದರು, ಅಲ್ಲೇ ಕೂತಿದ್ದವರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡು ನಾನು ಜೇವರ್ಗಿಗೆ ಬಂದೆ. ಸರಿಹೋಗಿರಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುವಾಗ ವೈನಿಯ ಫೋನು.

"ಒಂದ್ ಒತ್ತಿದ್ರ ಇನ್ನೊಂದ್ ಅಂತದ್ರಿ. ನೀರಿಂದು ಒತ್ತಿದ್ರ ಚಾ ಅಂತದ, ಆಮ್ಯಾಲ ಚಾದ್ದು ಒತ್ತಿದ್ರ ನೀರ್ ಕುಡಿ ಅಂತದ. ಅತ್ತಿಯಾರು ಸಿಟ್ಟಿಗೆದ್ದಾರ."

ಅದು ಹಿಂದಿನ ಒತ್ತುಗಳ ಬಾಕಿ. ಲ್ಯಾಪ್‌ಟಾಪು ಇನ್ನೂ ಏಳುತ್ತಿರುವಾಗಲೇ ಅತ್ತೆ ಒತ್ತಿಬಿಟ್ಟಿದ್ದಳು. ಆ ನಂಬರು ಬಾಗಿಲ ಬಳಿ ಕಾದು ನಿಂತಿತ್ತು; ಆಮೇಲೆ ಒತ್ತಿದ್ದೆಲ್ಲ ಅದರ ಹಿಂದೆ ಸಾಲು ಹಿಡಿದಿತ್ತು. ಹಾಗಾಗಿ ಯಂತ್ರ ಯಾವಾಗಲೂ ಒಂದು ಮಾತು ಹಿಂದೆ. ಚಾಲೂ ಆದೊಡನೆ ಹಳೆಯದನ್ನೆಲ್ಲ ಗುಡಿಸಿ ಹಾಕುವ ಒಂದು ಚೌಕ ನಾನು ಸೇರಿಸಬೇಕಿತ್ತು. ಫೋನಿನಲ್ಲೇ ವೈನಿಗೆ ಹೇಳಿದೆ. ಅವಳು ಎಂದೂ ಪ್ರೋಗ್ರಾಮ್ ಮಾಡಿದವಳಲ್ಲ. ಆದರೆ ಚೌಕ ಎಳೆದು ತಂದು ಗೆರೆ ಜೋಡಿಸುವುದು ರಂಗೋಲಿಯ ಚುಕ್ಕಿ ಸೇರಿಸಿದ ಹಾಗೇ ಇದೆ ಎಂದು ಮಾಡಿಯೇಬಿಟ್ಟಳು.

ಮತ್ತೊಂದು ಸಲ ಮಾವನೇ ಫೋನ್ ಮಾಡಿದರು. "ಕೆಂಪ್ ಆಗ್ಯಾದವ್ವಾ."

"ಕೇಬಲ್ ಗಟ್ಟಿ ಕುಂತದೇನ್ರಿ ಮಾಮಾ?"

"ಕುಂತದ. ಕಸಾ ಹೊಡ್ಯಾಗ ತಗದಿದ್ರು, ನಾನ ಹಾಕೇನಿ."

"ಮೊದ್ಲಿನ ತೂತಿಗೇ ಹಾಕೀರಿ?"

ಆ ಕಡೆ ಟೀಪಾಯಿ ಸರಿಸಿದ ಸದ್ದು ಕೇಳಿತು. "ತೂತು ಎರಡ ಅದಾವಲ್ಲ, ಎರಡೂ ಒಂದ ಅಲ್ಲೇನು?"

ಅಲ್ಲ. ಇನ್ನೊಂದು ತೂತಿಗೆ ಹಾಕಿದರೆ ಬಾಗಿಲಿನ ನಂಬರು ಬದಲಾಗುತ್ತದೆ. ಪ್ರೋಗ್ರಾಮು ಹಳೆಯ ನಂಬರಿನ ಬಾಗಿಲು ಬಡಿಯುತ್ತ ನಿಂತಿರುತ್ತದೆ. ಮೊದಲಿನದಕ್ಕೇ ಹಾಕಿದರು, ಹಸಿರಾಯಿತು. ಆಮೇಲೆ ಮಾವ ಗುರುತಿಗೆಂದು ಆ ತೂತಿನ ಮೇಲೆ ವಿಭೂತಿ ಹಚ್ಚಿದರಂತೆ, ಅದು ಅಳಿಸಿಹೋಯಿತಂತೆ. ಕೊನೆಗೆ ವೈನಿ ತನ್ನ ಉಗುರುಬಣ್ಣ ಬಳಿದಳು.

ನಾನು ಮುಂದಿನ ಸಲ ಹೋದಾಗ ಮಾವ ಆ ಯಂತ್ರದ ವೈದ್ಯರೇ ಆಗಿಬಿಟ್ಟಿದ್ದರು. ಕೆಂಪಾದರೆ ಮೊದಲು ಕೇಬಲ್ಲು ನೋಡುವುದು, ಆಮೇಲೆ ಪಟ್ಟಿಯಲ್ಲಿ ನಂಬರು ಇದೆಯೇ ನೋಡುವುದು, ಆಮೇಲೆ ಬೇರೆ ಯಾವ ಪ್ರೋಗ್ರಾಮಾದರೂ ತೆರೆದಿದೆಯೇ ನೋಡುವುದು. ತೊಗರಿ ಮಾರಲು ಬಂದ ರೈತರಿಗೂ ಅದನ್ನೇ ವಿವರಿಸುತ್ತಿದ್ದರು. ಅವರು ಹೌದ್ರಿ ಹೌದ್ರಿ ಎನ್ನುತ್ತ ಕೇಳಿಸಿಕೊಳ್ಳುತ್ತಿದ್ದರು.

ಆದರೆ ಅತ್ತೆ ಆ ಪೆಟ್ಟಿಗೆಯನ್ನು ಬಳಸಿದ್ದು ನಾನು ಅಂದುಕೊಂಡ ಹಾಗಲ್ಲ. ನೀರು ಬೇಕಾದರೆ ಅವಳು ಈಗಲೂ ತಂಬಿಗೆ ತೋರಿಸುತ್ತಿದ್ದಳು. ದಿಂಬು ಬೇಕಾದರೆ ಬೆನ್ನು ತೋರಿಸುತ್ತಿದ್ದಳು. ಒಂದು ಮಧ್ಯಾಹ್ನ ನಾನಿದ್ದಾಗಲೇ ಅತನೂರಿನಿಂದ ಅತ್ತೆಯ ಬಾಲ್ಯದ ಗೆಳತಿಯೊಬ್ಬಳು ಬಂದಳು. ಗಾಣಗಾಪುರದಲ್ಲಿ ದತ್ತನ ದರ್ಶನ ಮಾಡಿ, ಅಲ್ಲಿಂದ ನೇರ ಇಲ್ಲಿಗೆ. ಬಾಗಿಲಲ್ಲೇ ನಿಂತು, ಮಾತಾಡಲಾರದ ಗೆಳತಿಯ ಎದುರು ಏನು ಮಾತಾಡಬೇಕೆಂದು ತಿಳಿಯದೆ ಸೆರಗು ತಿರುವುತ್ತಿದ್ದಳು. ಅತ್ತೆ ನೇರವಾಗಿ ಕೂತು, ಅಂಗೈ ಎತ್ತಿ, ಪೆಟ್ಟಿಗೆಯ ಮೇಲೆ ಊರಿದಳು.

"ಬಿಸಲಾಗ ಬಂದೀ, ಮೊದ್ಲ ನೀರ್ ಕುಡಿ."

ಗೆಳತಿ ಬೆಚ್ಚಿದಳು. ವೈನಿ ಆಗಲೇ ನೀರು ತಂದಿದ್ದಳು. ಅವಳು ಕುಡಿದು ಲೋಟ ಇಡುವುದಕ್ಕೂ ಅತ್ತೆ ಮುಂದಿನದನ್ನು ಒತ್ತುವುದಕ್ಕೂ ಸರಿಹೋಯಿತು.

"ಚಾ ಮಾಡೇನಿ, ಬರ್ರಿ."

ವೈನಿ ಒಲೆಯ ಕಡೆ ಓಡಿದಳು. ಗೆಳತಿ ಹಾಸಿಗೆಯ ಅಂಚಿಗೆ ಕೂತು, ಅತ್ತೆಯ ಕೈ ಹಿಡಿದು, ಅತನೂರಿನ ಸುದ್ದಿಯೆಲ್ಲ ಹೇಳತೊಡಗಿದಳು. ಅತ್ತೆ ಕೇಳುತ್ತ ನಕ್ಕಳು, ಹುಬ್ಬು ಏರಿಸಿದಳು, ಒಂದೆರಡು ಕಡೆ ಹಣೆ ಚಚ್ಚಿಕೊಂಡಳು. ಗೆಳತಿ ಏಳಬೇಕೆಂದಾಗ ಮೂರನೆಯದು ನುಡಿಯಿತು: "ಉಂಡ ಹೋಗ್ರಿ, ಹಂಗ ಹೋಗಬ್ಯಾಡ್ರಿ." ಅವಳು ಉಂಡೇ ಹೋದಳು.

ನಾನು ಅಡುಗೆಮನೆಯಲ್ಲಿ ವೈನಿಗೆ ಹೇಳಿದೆ, "ನಾ ಇದನ್ನ ಬೇಡಾಕ ಅಂತ ಮಾಡಿಕೊಟ್ಟೆ. ಅತ್ತಿ ಕೊಡಾಕ ಹಚ್ಯಾಳ."

"ಮತ್ತ? ಅವರಿಗೇನು ಬೇಡೂದು ಗೊತ್ತದ ಏನ್ರಿ?" ಎಂದಳು ವೈನಿ, ರೊಟ್ಟಿ ಮಗುಚುತ್ತ.

ನಾಲ್ಕನೆಯ ಬಟನ್ ಮಾವನದು. ಅದನ್ನು ಅತ್ತೆ ಮನಸ್ಸು ಬಂದಾಗಲೆಲ್ಲ ಒತ್ತುತ್ತಿದ್ದಳು. "ಎಲ್ಲಿ ಅದೀರಿ? ಲಗೂ ಬರ್ರಿ." ಲ್ಯಾಪ್‌ಟಾಪಿನ ದನಿ ಅಂಗಡಿಯವರೆಗೆ ಮುಟ್ಟುತ್ತಿರಲಿಲ್ಲ, ಮಗ ಒಂದು ಸ್ಪೀಕರ್ ತಂದು ಹಚ್ಚಿಕೊಟ್ಟ. ಒಂದು ಸಲ ನಾನು ಹೇಳದೆ ಹೋದಾಗ ಒಳಗಿಂದ ಅದೇ ಮಾತು ಮೇಲಿಂದ ಮೇಲೆ ಕೇಳುತ್ತಿತ್ತು. ಏನಾಯಿತೋ ಎಂದು ಓಡಿದೆ. ಮಾವ ಅತ್ತೆಯ ಪಕ್ಕದಲ್ಲೇ ಕೂತು, ತಾವೇ ಬಟನ್ ಒತ್ತಿ ಕೇಳುತ್ತಿದ್ದರು. ಅತ್ತೆ ಅವರ ಕೈಗೆ ಮೆಲ್ಲಗೆ ಹೊಡೆಯುತ್ತ ನಗುತ್ತಿದ್ದಳು. ನನ್ನನ್ನು ಕಂಡು ಮಾವ ಹುಡುಗನ ಹಾಗೆ ನಾಚಿ, "ನಡೀತದೋ ಇಲ್ಲೋ ನೋಡಾಕತ್ತಿದ್ದೆ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇನ್ನೂ ಇದ್ರ ಹಾಕವ್ವಾ. ನಾಕ ಮಾತು ಸಾಲೂದಿಲ್ಲ ಈಕಿಗೆ" ಎಂದರು.

ಐದನೆಯ ಬಟನ್ ಯಾವುದಿರಬೇಕು ಎಂಬುದನ್ನು ನಾನು ಅತ್ತೆಗೇ ಬಿಟ್ಟೆ. ಉಳಿದ ಮೆಸೇಜುಗಳನ್ನೆಲ್ಲ ಅವಳ ಮುಂದೆ ಹಚ್ಚಿದೆ. ತನ್ನ ಮಾತು ತಾನೇ ಕೇಳುತ್ತ ಅವಳು ಒಂದೊಂದಕ್ಕೆ ಬೇಡವೆಂದು ಕೈಯಾಡಿಸಿದಳು. ಬೈಗುಳವೊಂದು ಬಂದಾಗ ವೈನಿಯ ಕಡೆ ನೋಡಿ ನಕ್ಕಳು, ಅದನ್ನೂ ಬೇಡವೆಂದಳು. ಒಂದು ಮಾತಿಗೆ ಮಾತ್ರ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಅದು ನನಗೇ ಕಳಿಸಿದ್ದ ಹಳೆಯ ಮೆಸೇಜು. "ಮುಟ್ಟಿದ ಮ್ಯಾಲ ಒಂದ್ ಫೋನ್ ಮಾಡು."

ಅತ್ತೆ ಈಗ ಎದ್ದು ಗೋಡೆ ಹಿಡಿದು ಓಡಾಡುತ್ತಾಳೆ. ಅಭ್ಯಾಸ ಮಾಡಿಸುವ ಡಾಕ್ಟರಮ್ಮ ಬಂದು ಹೋಗುತ್ತಾರೆ. ಒಂದಿಷ್ಟು ಮಾತು ಬಂದಿದೆ. ಅರ್ಧ ಮಾತು, ತುಂಡು ಮಾತು. ಪೆಟ್ಟಿಗೆ ಮೊದಲಿನಷ್ಟು ಬೇಕಾಗುವುದಿಲ್ಲ, ಆದರೂ ಟೀಪಾಯಿಯ ಮೇಲೆ ಇದೆ.

ಹೋದ ಸಲ ಅಲ್ಲಿಂದ ಹೊರಟಾಗ ಐದನೆಯದನ್ನು ಒತ್ತಿಯೇ ಕಳಿಸಿದಳು. ಜೇವರ್ಗಿ ಮುಟ್ಟಿ ಫೋನ್ ಮಾಡಿದೆ. ಮಾವ ಫೋನನ್ನು ಅವಳ ಕಿವಿಗೆ ಹಿಡಿದರು. "ಮುಟ್ಟೇನಿ ಅತ್ತಿ" ಎಂದೆ. ಅವಳ ಉಸಿರು ಕೇಳಿತು. ಯಾವ ಬಟನ್ ಒತ್ತುತ್ತಾಳೋ ಎಂದು ಕಾದೆ. ಒತ್ತಲಿಲ್ಲ.

"ಉ... ಉಂಡಿ?" ಎಂದಳು ಅತ್ತೆ, ತಾನೇ.

ಇನ್ನೂ ಉಂಡಿರಲಿಲ್ಲ. ಆದರೂ ಉಂಡೆ ಎಂದೆ. ಅವಳು ನಂಬಲಿಲ್ಲ ಅಂತ ಕಾಣುತ್ತದೆ. ಫೋನ್ ಇಡದೆ ಸುಮ್ಮನೆ ಕಾದಳು. ನಾನು ಎದ್ದು ಒಲೆ ಹೊತ್ತಿಸಿದೆ.